ಓರೆಗೆರೆಯ ಕೆಳಗಿನ ಡಿ

ಕಿರುಬೆರಳು ಮತ್ತೆ ಜಾರಿತು, ತೋರುಬೆರಳು ಗಿಟಾರಿನ ಐದನೆಯ ಫ್ರೆಟ್ಟಿನಲ್ಲಿ, ಆ ಲೋಹದ ಅಡ್ಡಪಟ್ಟಿಯ ಹಿಂದೆ, ಅಡ್ಡ ಮಲಗಿದೆ, ಸಣ್ಣ ತಂತಿ ಮಾತ್ರ ಗುಯ್ಯೆನ್ನುತ್ತದೆ, ಪಡಸಾಲೆಯಲ್ಲಿ ಮಾವ ಚಂದ್ರಶೇಖರಪ್ಪ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಾರೆ, ಕಾಳು ಮೊರಕ್ಕೆ ಬೀಳುವ ಪಟಪಟ, ಬಾಯಲ್ಲಿ ಹಾಡಿಲ್ಲ, ಹಾಡದೆ ಅವರು ಯಾವ ಕೆಲಸ ಮಾಡಿದ್ದನ್ನೂ ನಯನ ಈ ಶಿಕಾರಿಪುರದ ಮನೆಗೆ ಸೊಸೆಯಾಗಿ ಬಂದಮೇಲೆ ಕಂಡಿರಲಿಲ್ಲ, ಎಲ್ಲ ಆ ಶನಿವಾರದಿಂದ — ಸೊರಬದ ಕಡೆ ಹೊಸಬಾಳೆ, ಮಾವನ ಹುಟ್ಟೂರು, ಅಲ್ಲಿನ ಭಜನೆ, ಹಾರ್ಮೋನಿಯಂ ತಿದಿ ಹರಿದೈತವ್ವಾ, ನಿನ್ನ ಗಿಟಾರೇ ತಗಂಬಾ, ಎಂಥ ಹೆಮ್ಮೆಯಿಂದ ಅಂದಿದ್ದರು, ಹಾಡುತ್ತ ಎರಡನೆಯ ಸಾಲಿಗೇ ನಿಂತುಬಿಟ್ಟರು, ಬಾಯಿ ತೆರೆದೇ ಇತ್ತು, ಗಂಟಲ ಗಂಟು ಮೇಲಕ್ಕೇರಿ ಅಲ್ಲೇ ಸಿಕ್ಕಿಕೊಂಡಿತ್ತು, ವಯಸ್ಸಾತು, ಸಾ ನಿಲ್ಲವಲ್ದು, ಇನ್ಮೇಲೆ ಈಶ್ವರ್ ಹೇಳ್ಲಿ ಬಿಡ್ರಿ, ತಾಳ ತೆಗೆದು ಪಕ್ಕದಲ್ಲಿ ಕೂತಿದ್ದ ಈಶ್ವರನ ಮಡಿಲಿಗೆ ಹಾಕಿದರು.

ವಯಸ್ಸಂತೆ, ವಯಸ್ಸಲ್ಲ, ಇದು, ಮೊಬೈಲಿನಲ್ಲಿ ಕಂಡು ಆಸೆಪಟ್ಟು ಕಲಿತ ಈ ಕಾರ್ಡು, ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು, ಸಿ ಮೇಜರ್ ನೈನ್, ಒಂದು ಓರೆಗೆರೆ, ಆಮೇಲೆ ಡಿ, ಗೆರೆಯಾಚೆಯ ಅಕ್ಷರವೇ ತಳದಲ್ಲಿ ಮೀಟಬೇಕಾದ ಸ್ವರ, ಅದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ, ಭಜನೆಯಲ್ಲಿ ಬೆಳೆದ ಬುದ್ಧಿ, ಹಾಡಲು ಕರೆದ ಹೆಸರು ಯಾರದೋ ಶ್ರುತಿ ಅವರದೇ, ಸಿ ಎಂದಮೇಲೆ ತಳದಲ್ಲಿ ಸಿ ತಾನೇ ಇರಬೇಕು, ಒತ್ತಿ ಒತ್ತಿ ಮೀಟಿದ್ದಳು, ಮಾವನ ಸಾ ಡಿ ಎಂದು ಗೊತ್ತಿದ್ದೂ, ಪಾಪ, ಅವರ ಕಾಲಡಿಯ ನೆಲವನ್ನೇ ಎಳೆದಿದ್ದಳು — ಈಗ ಡಿ ಕೆಳಗೆ, ಕಿರುಬೆರಳು ಏಳನೆಯ ಫ್ರೆಟ್ಟಿಗೆ, ಗಟ್ಟಿಯಾಗಿ, ಮೀಟಿದಳು, ಅಯ್ಯೋ ದೇವರೇ, ಇದೇನಿದು, ಅದೇ ಸಿ, ಅದೇ ಇ, ಜಿ, ಬಿ, ಒಂದೂ ಹೊಸತಲ್ಲ, ತುದಿಯಲ್ಲಿ, ಹೆಸರಿನ ಆ ನೈನ್, ಸಿಯಿಂದ ಒಂಬತ್ತನೆಯದಾಗಿ ಜೋತಾಡುತ್ತಿದ್ದ ಡಿ ಇಳಿದು ತಳದಲ್ಲಿ ಕೂತಿದೆ ಅಷ್ಟೇ, ಅಷ್ಟಕ್ಕೇ ಎಲ್ಲವೂ ಬೇರೆ, ಎದೆಗೊರಗಿದ ಗಿಟಾರಿನ ಮರ ನಡುಗುತ್ತದೆ, ಅಂಜನಾಪುರ ಜಲಾಶಯದ ಏರಿಯ ಮೇಲೆ ನಿಂತಿದ್ದಾಗ ತೂಬು ತೆರೆದರು, ಅಂಗಾಲಿಗೆ ಬಂದಿತ್ತಲ್ಲ ಒಂದು ಅದುರು, ನೀರು ಕಾಣುವ ಮೊದಲೇ, ಹಾಗೆ, ಒಂದೇ ಒಂದು ಸ್ವರ ಜಾಗ ಬದಲಿಸಿದರೆ ಇಷ್ಟೆಲ್ಲ ಆಗುತ್ತದೆಯೇ, ಇನ್ನೊಮ್ಮೆ, ಇನ್ನೊಮ್ಮೆ — ಪಟಪಟ ನಿಂತಿದೆ, ಬಾಗಿಲಲ್ಲಿ ಮಾವ, ಕೈಯಲ್ಲಿ ಅರ್ಧ ಬಿಡಿಸಿದ ತೆನೆ, ಏನವ್ವಾ ಅದು, ನನ್ನ ಸಾ ಅಲ್ಲೇನು, ಹೂಂ ಮಾವ, ನಿಮ್ದೇ, ಅವತ್ತು ತಪ್ಪಿದ್ದು ನನ್ನ ಬೆರಳು, ನಿಮ್ಮ ಗಂಟಲಲ್ಲ, ಅನ್ನಬೇಕು, ಅನ್ನುವ ಬದಲು ಮತ್ತೆ ಮೀಟುತ್ತಾಳೆ, ಅವರ ಬಾಯಿ ತೆರೆಯುತ್ತದೆ, ಸಾ, ಸಣ್ಣಗೆ, ಆಮೇಲೆ ತುಂಬಿ, ತಂತಿಯ ನಾದ ಅಡಗಿದರೂ ಸಾ ನಿಂತೇ ಇದೆ, ಆ ಗಂಟಲ ಗಂಟು, ಬಿಳಿ ಕುರುಚಲಿನ ನಡುವೆ, ಮಿಡಿಯುತ್ತ, ಆ ಗಂಟಲ ಗಂಟು —