ಕಾಳಿರುವೆ

"ಇರುವಿ ಸರಿಯಾಗಿ ನೋಡಿದ್ಯೋ ಇಲ್ಲೋ? ಕರೇವು, ಸಣ್ಣವು ಹೌದಿಲ್ಲ?" ಬೇವಿನ ನೆರಳಿನಿಂದಲೇ ದೊಡ್ಡಬಸಮ್ಮ ಕೇಳಿದಳು.

"ಹೌದ್ರಿ ಅವ್ವಾರ," ಎಂದಳು ಮನೆಗೆಲಸದ ಸುಂಕಲಮ್ಮ, ತಲೆ ಎತ್ತದೆ.

ಶುದ್ಧ ಸುಳ್ಳು. ದೊಡ್ಡಬಸಮ್ಮನ ಮೊಣಕಾಲು ನೋವಿಗೆ ಶನಿಕಾಟವೇ ಕಾರಣವೆಂದು ಬಳ್ಳಾರಿಯ ಜೋಯಿಸರು ಹೇಳಿದ್ದರು. ಶನಿವಾರಕ್ಕೊಮ್ಮೆ ಸಣ್ಣ ಕರಿ ಇರುವೆಗೆ ಜೋಳದ ನುಚ್ಚು ಹಾಕಬೇಕು. ಕೆಂಪನೆಯ ಕೆಂಜಿಗ ಬೇಡ, ದೊಡ್ಡ ಗೊದ್ದ ಬೇಡ. ಯುದ್ಧಕಾಲ. ಕಾಳುಕಡಿ ಅಳೆದು ಕೊಡುವ ಕಂಟ್ರೋಲ್ ಅಂಗಡಿಯ ಮುಂದೆ ಕುರುಗೋಡಿನ ಜನ ಬೆಳಗಿನಿಂದ ನಿಂತು ಬರಿಗೈಲಿ ಮರಳುತ್ತಿದ್ದರು. ಸುಂಕಲಮ್ಮನ ಮನೆಯಲ್ಲಿ ಬಾಣಂತಿ ಮಗಳು ಹನುಮಮ್ಮನಿಗೆ ಗಂಜಿಯಿಲ್ಲ, ಕೂಸಿಗೆ ಹಾಲಿಲ್ಲ. ಒಂದು ಹಿಡಿ ನುಚ್ಚು ಕೇಳಿದ್ದಕ್ಕೆ, ದೇವರಿಗೆ ಎತ್ತಿಟ್ಟದ್ದನ್ನು ಕೇಳುತ್ತೀಯಲ್ಲ ಎಂದು ದೊಡ್ಡಬಸಮ್ಮ ಬೈದಿದ್ದಳು. ಇರುವೆ ಕಂಡರೆ ಮೈ ಜುಮ್ಮೆನ್ನುವ ಈ ಪುಣ್ಯವಂತೆ ದೂರ ಕೂತು, ಎಲೆಯಡಿಕೆ ಅಗಿಯುತ್ತ, ಕೊನೆಯ ನುಚ್ಚು ಗೂಡಿಗೆ ಸೇರುವತನಕ ಕದಲುತ್ತಿರಲಿಲ್ಲ. ಗಲ್ಲಕ್ಕೆ ಇಳಿದ ಆ ಕೆಂಪು ರಸ ಕಂಡಾಗಲೆಲ್ಲ ಸುಂಕಲಮ್ಮ ಮುಖ ತಿರುಗಿಸುತ್ತಿದ್ದಳು.

ಅವಳು ನುಚ್ಚು ಸುರಿಯುತ್ತಿದ್ದುದು ಕಾಳಿರುವೆಗೆ. ಕಂದು ಮೈ, ಮೈಗಿಂತ ದಪ್ಪ ತಲೆ, ಸಣ್ಣ ಕರಿ ಇರುವೆಯ ಎರಡರಷ್ಟು ಉದ್ದ. ಗೂಡಿನ ಬಾಯಿಯ ಸುತ್ತ ಹೊಟ್ಟು. ಕಾಳನ್ನು ಮೊಳದಾಳದಲ್ಲಿ ಕೂಡಿಡುವ ಜಾತಿ ಅದು. ಹಿಂದಿನ ಬರದಲ್ಲಿ ಇಂಥ ಗೂಡು ಅಗೆದೇ ಅವಳ ತಾಯಿ ಮಕ್ಕಳ ಹೊಟ್ಟೆ ಹೊರೆದಿದ್ದಳು. ಇನ್ನೊಂದು ಶನಿವಾರ ಕಳೆದರೆ ತಾನೂ ಅಗೆಯುವುದೆಂದು ಸುಂಕಲಮ್ಮ ಲೆಕ್ಕ ಹಾಕಿದ್ದಳು.

ಅಷ್ಟರಲ್ಲಿ ಮಳೆ ಬಂತು. ಮರುದಿನ ಬಿಸಿಲಿಗೆ ಇರುವೆಗಳು ನೆಂದ ನುಚ್ಚನ್ನೆಲ್ಲ ಹೊರಗೆ ತಂದು ಹರವಿದವು. ಅವು ಪ್ರತಿ ಮಳೆಗೂ ಮಾಡುವ ಕೆಲಸ. ದೊಡ್ಡಬಸಮ್ಮನ ಕಣ್ಣಿಗೆ ಅದು ಪವಾಡವಾಯಿತು. ಶನಿದೇವರು ಪ್ರಸಾದ ತಿರುಗಿ ಕೊಟ್ಟನೆಂದು ಓಣಿಯ ಹೆಂಗಸರನ್ನೆಲ್ಲ ಕರೆಸಿದಳು. ನುಚ್ಚಿನ ಮೇಲೆ ಅರಿಸಿನ, ಕುಂಕುಮ ಬಿತ್ತು. ಸುತ್ತ ಕಟ್ಟೆ ಕಟ್ಟಿಸುತ್ತೇನೆ, ಇಲ್ಲಿಯ ಮಣ್ಣನ್ನು ಯಾರೂ ಮುಟ್ಟಕೂಡದು ಎಂದಳು. ಸುಂಕಲಮ್ಮನಿಗೂ ಕೈಮುಗಿಯಲು ಹೇಳಿದಳು.

ಮುಗಿಯಲು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಈ ಭಕ್ತಿಯೇ ಅವಳಿಗೆ ಹೇಸಿಗೆಯಾಯಿತು. ಕುಕ್ಕರಗಾಲಲ್ಲಿ ಕೂತು, ಉಡಿ ಒಡ್ಡಿ, ನುಚ್ಚನ್ನು ಎರಡೂ ಕೈಯಿಂದ ಬಳಿದುಕೊಳ್ಳತೊಡಗಿದಳು.

"ಕರೇ ಇರುವಿ ಅಲ್ರಿ ಇವು, ಕಾಳಿರುವಿ. ನನ್ನ ಮಗಳ ಸಲುವಾಗಿ ಇವುಕ್ಕ ಹಾಕ್ತಿದ್ದೆ."

ಹೆಂಗಸರು ಹಿಂದೆ ಸರಿದರು. ದೊಡ್ಡಬಸಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಇರುವಿ ಎಂಜಲ ತಿಂತೀರೇನ?"

"ತಿಂತೀವ್ರಿ. ನೀವು ಕೊಡಲಿಲ್ಲಲ್ಲ."

ನಾಳೆಯಿಂದ ಹೊಸ್ತಿಲು ತುಳಿಯಬೇಡ ಎಂಬ ಮಾತು ಬೆನ್ನಿಗೆ ಬಿತ್ತು. ಸುಂಕಲಮ್ಮ ತಿರುಗಲಿಲ್ಲ. ಕೈ ತುಂಬ ಇರುವೆಗಳು ಕಚ್ಚಿ ಹಿಡಿದಿದ್ದವು.

ಮನೆಯಲ್ಲಿ ಮೊರಕ್ಕೆ ಹಾಕಿ ಕೇರಿದಳು, ಬಿಳಿ ಮೊಟ್ಟೆಗಳನ್ನು ಆರಿಸಿ ಬಿಸಾಕಿದಳು, ಕುಂಕುಮ ಹೋಗುವತನಕ ತೊಳೆದಳು. ಆದರೂ ಕುದಿಯುವ ಗಂಜಿಯಿಂದ ಇರುವೆಯ ಹುಳಿ ವಾಸನೆ ಎದ್ದು ಅವಳೇ ಮುಖ ಪಕ್ಕಕ್ಕೆ ಸರಿಸಿದಳು. ಹನುಮಮ್ಮ ಗಂಜಿ ಆರುತ್ತಲೇ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದಳು. ಮಗ್ಗುಲ ಕೂಸನ್ನು ಎದೆಗೆ ಎಳೆದುಕೊಂಡು, ಬಟ್ಟಲನ್ನು ಮತ್ತೆ ತಾಯಿಯ ಕಡೆ ಸರಿಸಿದಳು.