ಗೌಜಲಹಕ್ಕಿಗೆ ಒಂದು ಗುರುತು

ಕಾಫಿಪುಡಿಯ ವಾಸನೆ ಈ ಡಬ್ಬಿಯನ್ನು ಇನ್ನೂ ಬಿಟ್ಟಿಲ್ಲ, ಒಳಗೆ ಕಾಫಿ ಇದ್ದದ್ದು ಯಾವ ಕಾಲದಲ್ಲೋ, ಕಂಕುಳಲ್ಲಿ ಅವುಚಿಕೊಂಡು ನಡೆದರೆ ತಗಡಿನ ಚಳಿ ಜಾಕೆಟ್ಟು ದಾಟಿ ಪಕ್ಕೆಗೆ ತಾಗುತ್ತದೆ, ಹೆಜ್ಜೆಗೊಮ್ಮೆ ಒಳಗಿನ ಚೀಟಿಗಳು ಸರಬರ ಎನ್ನುತ್ತವೆ, ಸುಮ್ಮನಿರಿ ಎಂದು ಗದರಬೇಕೆನಿಸುತ್ತದೆ — ಹೈಸ್ಕೂಲಿನ ಮೈದಾನದಲ್ಲಿ ಮಕ್ಕಳ ಬ್ಯಾಂಡು, ತುತ್ತೂರಿಯವನು ಅದೇ ಜಾಗದಲ್ಲಿ ಮತ್ತೆ ಎಡವಿದ, ಮತ್ತೆ ಮೊದಲಿನಿಂದ, ನನಗೂ ಹಾಗೆ ಮತ್ತೆ ಮೊದಲಿನಿಂದ ಎಂದು ಯಾರಾದರೂ ಕೋಲು ತಟ್ಟಿ ಹೇಳಬಾರದೇ, ಮೆಕ್ಕೆಜೋಳ ಕೊಯ್ದ ಹೊಲಗಳ ಮೇಲೆ ಇಬ್ಬನಿ ಇನ್ನೂ ಬೆಳ್ಳಗೆ ಕೂತಿದೆ, ನೆಬ್ರಾಸ್ಕಾದ ನವೆಂಬರ್ ಎಂದರೆ ಇಷ್ಟೇ, ಆಕಾಶ ಜಾಸ್ತಿ ನೆಲ ಕಡಿಮೆ, ಎಲ್ಲರ ಮನೆಯಿಂದಲೂ ಈರುಳ್ಳಿ ಬಾಡುವ ವಾಸನೆ, ಟೀವಿಯಲ್ಲಿ ಮೊದಲ ಪಂದ್ಯ ಶುರುವಾಗುವಷ್ಟರಲ್ಲಿ ಚಿಲ್ಲಿ, ಮಾಂಸ-ಕಾಳಿನ ಆ ಖಾರದ ಸಾರು, ಕುದಿದಿರಬೇಕು, ಜೊತೆಗೆ ದಾಲ್ಚಿನ್ನಿ ರೋಲು, ಗೆಳೆಯ ಲೋವೆಲ್‌ನ ಹೆಂಡತಿ ಬೆವ್ ಅದನ್ನು ಚಿಲ್ಲಿಯಲ್ಲಿ ಅದ್ದಿ ತಿನ್ನುತ್ತಾಳೆ, ಥೂ ಅನ್ನುತ್ತೇನೆ, ಆಮೇಲೆ ನಾನೂ ಅದ್ದುತ್ತೇನೆ. ಅಂಗಿಯ ಜೇಬಿನಲ್ಲಿ ನನ್ನ ಚೀಟಿ ಇದೆ. ಹತ್ತು ಪಂದ್ಯದಲ್ಲಿ ಒಂಬತ್ತಕ್ಕೆ ಗುರುತು ಹಾಕಿಯಾಗಿದೆ, ಕೊನೆಯದು ಖಾಲಿ, ಲೋವೆಲ್‌ನ ಗ್ಯಾರೇಜು ಮುಟ್ಟುವುದರೊಳಗೆ ತುಂಬಬೇಕು, ತುಂಬಿ ಡಬ್ಬಿಯ ತಳಕ್ಕೆ ತೂರಿಸಬೇಕು, ಯಾಕೆಂದರೆ ಆರಿನ್, ಅಂದರೆ ನಾನು, ತನ್ನ ಚೀಟಿಯನ್ನು ಎಲ್ಲರಿಗಿಂತ ಮೊದಲು ಹಾಕುತ್ತಾನೆ, ಅದಕ್ಕೇ ಅದು ತಳದಲ್ಲಿರುತ್ತದೆ, ಅದಕ್ಕೇ ಕೊನೆಗೆ ಓದುತ್ತಾನೆ ಎಂದು ಊರೇ ನಂಬಿದೆ, ಊರಿನ ನಂಬಿಕೆ ದೊಡ್ಡದು.

ಡಬ್ಬಿ ಆರಿನ್, ನನ್ನನ್ನು ಹಾಗೇ ಕರೆಯುತ್ತಾರೆ, ಹುಲ್ಲು ಕತ್ತರಿಸುವ ಯಂತ್ರ ಕೆಟ್ಟರೂ ಟೋಸ್ಟರ್ ಕೆಟ್ಟರೂ ನನ್ನ ಅಂಗಡಿಗೇ ತರುತ್ತಾರೆ, ಆದರೆ ಹೆಸರು ಬಂದದ್ದು ರಿಪೇರಿಯಿಂದಲ್ಲ, ಈ ತಗಡಿನಿಂದ, ಕಾಲೇಜು ಫುಟ್‌ಬಾಲ್ ಶುರುವಾಯಿತೆಂದರೆ ವಾರಕ್ಕೆ ಹತ್ತು ಪಂದ್ಯ ಆರಿಸಿ ಚೀಟಿ ಅಚ್ಚು ಹಾಕಿಸುವವನು ನಾನು, ಯಾರು ಗೆಲ್ಲುತ್ತಾರೋ ಅವರ ಹೆಸರಿನ ಎದುರು ಗುರುತು ಹಾಕಿ ಶುಕ್ರವಾರ ಅಂಗಡಿ ಮುಚ್ಚುವುದರೊಳಗೆ ಡಬ್ಬಿಗೆ ಹಾಕಿ, ಶನಿವಾರ ಎಲ್ಲರೆದುರು ಮುಚ್ಚಳ ತೆಗೆಯುವ ತನಕ ಯಾರೂ ಯಾರದ್ದನ್ನೂ ನೋಡುವಂತಿಲ್ಲ, ನಾನೂ — ನಾನೇ ಮಾಡಿದ ನಿಯಮ, ನಾನೇ. ಪಾದ್ರಿಯವರು ಒಮ್ಮೆ ಬಾಗಿಲು ಹಾಕಿದ ಮೇಲೆ ಬಂದು ಗಾಜು ಬಡಿದರು, ದೇವರ ಕೆಲಸದಲ್ಲಿದ್ದೆ ಕಣಪ್ಪಾ, ಒಂದು ಚೀಟಿ ತಾನೇ, ತಗೋ, ಇಲ್ಲ ಪಾದ್ರಿಗಳೇ, ದೇವ್ರು ಖುದ್ದಾಗಿ ಬಂದ್ರೂ ಶುಕ್ರವಾರ ಸಂಜೆನೇ ಕೊನೆ, ಊರೆಲ್ಲ ನಕ್ಕಿತು, ಊರೆಲ್ಲ ಮೆಚ್ಚಿತು, ದುಡ್ಡಿಲ್ಲ ಕಾಸಿಲ್ಲ, ಗೆದ್ದವರಿಗೆ ಬಂಗಾರದ ಬಣ್ಣ ಬಳಿದ ಒಂದು ಕೆಟ್ಟ ಟೋಸ್ಟರ್, ಅರ್ಧ ಗಂಟೆ ಕೊಟ್ಟರೆ ಅದನ್ನು ನಾನು ಸರಿಮಾಡಬಲ್ಲೆ, ಸರಿಮಾಡಕೂಡದು ಎಂಬುದೂ ನಿಯಮ. ಈ ಊರಿನಲ್ಲಿ ನನಗೆ ಹೆಂಡತಿಯಿಲ್ಲ, ಹೊಲವಿಲ್ಲ, ಚರ್ಚಿನಲ್ಲಿ ಕಾಯಂ ಜಾಗವೂ ಇಲ್ಲ, ಇರುವುದು ಈ ಒಂದು ಹೆಸರು, ಆರಿನ್ ಡಬ್ಬಿ ಮುಟ್ಟಿದನೆಂದರೆ ಮುಗಿಯಿತು, ಅದರಲ್ಲಿ ಮೋಸವಿಲ್ಲ. ಮೋಸವಿಲ್ಲವಂತೆ.

ಎಲೆಗಳ ರಾಶಿಯ ಮೇಲೆ ಕಾಲಿಟ್ಟೆ, ಒಳಗೆಲ್ಲ ಒದ್ದೆ, ಆರ್ಡಿಸ್ ಹಳದಿ ಶಾಲಾ ಬಸ್ಸು ತಿರುಗಿಸುವುದು ಇದೇ ಮೂಲೆಯಲ್ಲಿ, ಕಿಟಕಿಯಿಂದ ಎರಡು ಬೆರಳು ಎತ್ತುತ್ತಾಳೆ ಅಷ್ಟೇ, ಪೂರ್ತಿ ಕೈ ಎತ್ತುವುದಿಲ್ಲ, ಆ ಎರಡು ಬೆರಳಿಗಾಗಿ ನಾನು ಸಂಜೆ ಅಂಗಡಿಯ ಮುಂದೆ ಗುಡಿಸಿದ್ದನ್ನೇ ಗುಡಿಸುತ್ತಿರುತ್ತೇನೆ — ಲೋವೆಲ್‌ನ ತಂಗಿ, ಮದುವೆ ಮುರಿದು ಡೆನ್ವರ್‌ನಿಂದ ವಾಪಸಾದವಳು, ಅವನೇ ಕರೆತಂದ, ನಮ್ಮ ಆರ್ಡಿಸ್‌ನೂ ಆಟಕ್ಕೆ ಸೇರಿಸ್ಕೋ ಮಾರಾಯ, ಫುಟ್‌ಬಾಲ್ ಅಂದ್ರೆ ಅವಳಿಗೆ ಏನೂ ಗೊತ್ತಿಲ್ಲ, ಮನೇಲಿ ಕೂತು ಕೊರಗೋದು ತಪ್ಪತ್ತೆ, ಏನೂ ಗೊತ್ತಿಲ್ಲದವಳು ಮೊದಲ ವಾರವೇ ಎಲ್ಲರ ಮೂಗು ಕೊಯ್ದಳು, ಹೇಗೆ ಆರಿಸ್ತೀಯಾ ಎಂದರೆ ಪ್ರಾಣಿ ನೋಡಿ ಅಂದಳು, ತಂಡಕ್ಕೆಲ್ಲ ಒಂದೊಂದು ಪ್ರಾಣಿ ಇರತ್ತಲ್ಲ, ಎರಡನ್ನೂ ಒಂದು ಕೊಟ್ಟಿಗೇಲಿ ಕೂಡಿ ಹಾಕಿದ್ರೆ ಬೆಳಗ್ಗೆ ಹೊತ್ತಿಗೆ ಯಾವುದು ಉಳ್ದಿರತ್ತೋ ಅದಕ್ಕೆ ಗುರುತು, ಅದರಲ್ಲೇನಿದೆ ವಿದ್ಯೆ. ಲೋವೆಲ್ ವಾರವಿಡೀ ಪತ್ರಿಕೆ ಓದಿ, ರೇಡಿಯೋ ಕೇಳಿ, ಯಾರ ಮೊಣಕಾಲು ಊದಿದೆ ಯಾರ ಭುಜ ಜಾರಿದೆ ಎಂದು ಲೆಕ್ಕ ಹಾಕಿ ಗುರುತು ಹಾಕುತ್ತಾನೆ, ಪಟ್ಟಿಯ ಬುಡದಲ್ಲಿರುತ್ತಾನೆ. ಗ್ಯಾರೇಜಿನ ಗೋಡೆಯ ಮೇಲಿನ ಆ ಪಟ್ಟಿ, ವಾರವಾರವೂ ಅಂಕ ಹೊಸದಾಗಿ ಶುರು, ಎರಡನೇ ವಾರವೋ ಮೂರನೆಯದೋ, ಆಕಸ್ಮಿಕವಾಗಿ ಅವಳ ಹೆಸರು ಮೇಲೆ, ಅದರ ಕೆಳಗೇ ನನ್ನದು, ಆರ್ಡಿಸ್, ಆರಿನ್, ಒಂದರ ಕೆಳಗೊಂದು, ನಡುವೆ ಯಾರೂ ಇಲ್ಲ, ಒಂದೇ ಮನೆಯ ಬಾಗಿಲಿಗೆ ಬರೆದ ಹಾಗೆ. ಅದನ್ನು ನೋಡುತ್ತ ನಿಂತೆ, ಚಿಲ್ಲಿ ಆರಿಹೋಯಿತು. ಅದೊಂದೇ ಕಾರಣ, ದೇವರಾಣೆ ಬೇರೆ ಯಾವ ಕಾರಣವೂ ಇಲ್ಲ, ಮುಂದಿನ ಶುಕ್ರವಾರ ಅಂಗಡಿಯ ಪರದೆ ಎಳೆದು ಡಬ್ಬಿಯ ಮುಚ್ಚಳ ತೆಗೆದೆ, ಅವಳು ಚೀಟಿಯನ್ನು ಮೂರು ಮೂಲೆಯಾಗಿ ಮಡಿಸುತ್ತಾಳೆ, ಹುಡುಕಬೇಕಾಗಲಿಲ್ಲ, ಬಿಚ್ಚಿದೆ, ಅವಳ ಗುರುತುಗಳನ್ನೆಲ್ಲ ನನ್ನ ಚೀಟಿಗೆ ಇಳಿಸಿದೆ, ಅದರಲ್ಲಿ ಒಂದನ್ನು ಮಾತ್ರ, ಅವಳು ಖಂಡಿತ ಗೆಲ್ಲುವಂಥದ್ದನ್ನು, ಬೇಕೆಂದೇ ತಿರುಗಿಸಿ ಹಾಕಿದೆ. ಹಾಗಾಗಿ ಒಂದು ಅಂಕ ಹಿಂದೆ. ಸರಿಯಾಗಿ ಅವಳ ಕೆಳಗೆ. ಆಮೇಲೆ ಪ್ರತಿ ಶುಕ್ರವಾರ. ಗೆಲ್ಲಲು ಕದಿಯುವವರನ್ನು ಜನ ಅರ್ಥಮಾಡಿಕೊಂಡಾರು, ಸೋಲಲು ಕದಿಯುವವನನ್ನು ಏನೆಂದು ಬೈಯಬೇಕೋ ಅವರಿಗೂ ತಿಳಿಯಲಿಕ್ಕಿಲ್ಲ.

ಕಳೆದ ಶನಿವಾರ ಅವಳು ಕನ್ನಡಕ ಹಾಕಿಕೊಂಡು ಪಟ್ಟಿಯ ಮುಂದೆ ನಿಂತಳು, ಬಹಳ ಹೊತ್ತು, ತಿರುಗದೆಯೇ ಕೇಳಿದಳು, ಆರಿನ್, ಯಾವಾಗ ನೋಡಿದ್ರೂ ನನ್ನ ಹಿಂದೆ ಒಂದೇ ಹೆಜ್ಜೆ, ನಿಂಗೆ ಬೇಜಾರಾಗಲ್ವಾ, ನಾನು ಏನಂದೆ, ದಾಲ್ಚಿನ್ನಿ ರೋಲು ಬಾಯಲ್ಲಿತ್ತು, ಅದೃಷ್ಟ ಅಂದೆ, ಕೇಳಿಸಿತೋ ಇಲ್ಲವೋ — ಬ್ಯಾಂಡು ನಿಂತಿತು, ಎಷ್ಟು ನಿಶ್ಶಬ್ದ, ಯಾರದೋ ನಾಯಿ ನನ್ನ ಪಕ್ಕದಲ್ಲಿ ಸ್ವಲ್ಪ ದೂರ ನಡೆದುಬಂದು ಮನಸ್ಸು ಬದಲಾಯಿಸಿ ತಿರುಗಿತು, ಜಾಣ ನಾಯಿ. ನಿನ್ನೆ ಸಂಜೆ ಪರದೆ ಎಳೆದು ಅವಳ ಚೀಟಿ ಬಿಚ್ಚಿದರೆ ಒಂಬತ್ತು ಗುರುತುಗಳು ಎಂದಿನಂತೆ, ಹದ್ದು ಮೊಲವನ್ನು ತಿಂದಿದೆ, ಹುಲಿ ಹೋರಿಯನ್ನು ಕೆಡವಿದೆ, ಕೊನೆಯ ಸಾಲಿನಲ್ಲಿ ಬ್ರಾಕೆಟ್ ಸ್ಟೇಟ್‌ನ ಕರಡಿಗಳು, ಅವರೆದುರು ಎಲ್ಡನ್ ಕಾಲೇಜಿನ ಗೌಜಲಹಕ್ಕಿಗಳು, ವರ್ಷವಿಡೀ ಒಂದೂ ಗೆಲ್ಲದ ಪಾಪದ ಹಕ್ಕಿಗಳು, ನಗುವಿಗಿರಲಿ ಎಂದು ನಾನೇ ಸೇರಿಸಿದ ಪಂದ್ಯ, ಮತ್ತು ಅವಳ ಗುರುತು ಗೌಜಲಹಕ್ಕಿಯ ಎದುರು. ಒತ್ತಿ ಒತ್ತಿ ಹಾಕಿದ ಗುರುತು, ಕಾಗದದ ಹಿಂದೆ ಉಬ್ಬು ಬಂದಿದೆ, ಕೈತಪ್ಪಿದ್ದಲ್ಲ. ಕರಡಿಯನ್ನೂ ಗೌಜಲಹಕ್ಕಿಯನ್ನೂ ಒಂದು ಕೊಟ್ಟಿಗೆಯಲ್ಲಿ ಕೂಡಿಹಾಕಿದರೆ ಬೆಳಗ್ಗೆ ಏನುಳಿಯುತ್ತದೆಂದು ಆರ್ಡಿಸ್‌ಗೆ ಗೊತ್ತಿಲ್ಲವೇ, ಪುಕ್ಕ ಸಹ ಉಳಿಯುವುದಿಲ್ಲ. ಕುರ್ಚಿಯಲ್ಲಿ ಕೂತುಬಿಟ್ಟೆ. ಇದು ಫುಟ್‌ಬಾಲ್ ಅಲ್ಲ, ಇದು ನನಗೆ ಬರೆದದ್ದು, ನೀನು ಬಿಚ್ಚಿ ನೋಡುತ್ತೀಯೆಂದು ಗೊತ್ತು ಅನ್ನುತ್ತಿದ್ದಾಳೆ, ಈಗ ಬರುತ್ತೀಯಾ ನನ್ನ ಹಿಂದೆ, ಊರಿನಲ್ಲಿ ಇನ್ಯಾವ ತಲೆ ನೆಟ್ಟಗಿರುವವನೂ ಬಾರದ ಜಾಗಕ್ಕೆ. ಅಥವಾ ಬರೀ ನನ್ನನ್ನು ಹಿಡಿಯಲು ಇಟ್ಟ ಬೋನೋ, ಕಳ್ಳ ಸಿಕ್ಕಿಬಿದ್ದ ಎಂದು ನಗಲಿಕ್ಕೆ, ಅದೂ ಇರಬಹುದು, ನಗುವ ಹಕ್ಕೂ ಅವಳಿಗಿದೆ. ಬೆಳಗ್ಗೆ ಲೋವೆಲ್ ಫೋನು ಮಾಡಿದ್ದ, ಬರ್ತಾ ಐಸ್ ತಗೊಂಡ್ ಬಾ ಎನ್ನಲಿಕ್ಕೆ, ಫೋನಿಡುವ ಮೊದಲು, ಅಂದ ಹಾಗೆ ಆರ್ಡಿಸ್ ಹೊರಟಳು ಕಣೋ, ಅರಿಜೋನಾಗೆ, ಮಗಳ ಹತ್ರ, ಕ್ರಿಸ್ಮಸ್ ಕಳೆದ್ರೆ ಬಸ್ಸಿನ ಕೆಲಸ ಬಿಡ್ತಾಳಂತೆ, ನಾನೆಂದೆ, ಯಾಕಂತೆ, ಅವನೆಂದ, ಇಲ್ಲೇ ಇರು ಅನ್ನೋರು ಯಾರೂ ಇಲ್ವಲ್ಲ, ನಾನು ಅಣ್ಣ, ನಾನಂದ್ರೆ ಲೆಕ್ಕಕ್ಕಿಲ್ಲ. ಐಸ್ ಮರೆತೆ.

ಇನ್ನು ಎರಡು ಮನೆ ದಾಟಿದರೆ ಅವರದು, ಬೇಲಿಯ ಕಂಬಕ್ಕೆ ಚೀಟಿ ಒತ್ತಿ ಹಿಡಿದಿದ್ದೇನೆ, ಕೈಯಲ್ಲಿ ಪೆನ್ಸಿಲ್, ಕರಡಿಗೆ ಹಾಕಬಹುದು, ಸುಲಭ, ವಾರಕ್ಕೊಂದನ್ನು ತಿರುಗಿಸುತ್ತೇನಲ್ಲ, ಈ ವಾರ ಇದನ್ನೇ ತಿರುಗಿಸಿದರಾಯಿತು, ಯಾರಿಗೂ ಏನೂ ತಿಳಿಯದು, ಕರಡಿ ಗೆಲ್ಲುತ್ತದೆ, ಈ ಸಲ ಅವಳ ಹಿಂದಲ್ಲ, ಒಂದು ಅಂಕ ಮುಂದೆ ನಿಲ್ಲುತ್ತೇನೆ, ಡಬ್ಬಿ ಆರಿನ್ ಡಬ್ಬಿ ಆರಿನ್ ಆಗಿಯೇ ಉಳಿಯುತ್ತಾನೆ, ಗೋರಿಗಲ್ಲಿನ ಮೇಲೂ ಅದನ್ನೇ ಕೆತ್ತುತ್ತಾರೆ, ಮತ್ತು ಅವಳು ಬಸ್ಸಿನ ಕೀಲಿ ಕೊಟ್ಟು ಹೋಗುತ್ತಾಳೆ, ಆ ಮೂಲೆಯಲ್ಲಿ ಇನ್ಯಾರೋ ಬಸ್ಸು ತಿರುಗಿಸುತ್ತಾರೆ, ಪೂರ್ತಿ ಕೈ ಎತ್ತುವ ಇನ್ಯಾರೋ. ಗೌಜಲಹಕ್ಕಿಗೆ ಹಾಕಿದರೆ ಲೋವೆಲ್‌ಗೆ ನನ್ನ ಕಳ್ಳತನ ತಿಳಿಯಲು ಕ್ಷಣ ಸಾಕು, ಪೆದ್ದನಲ್ಲ ಅವನು, ಆಟದಲ್ಲಿ ಮಾತ್ರ ಪೆದ್ದ. ಭಯವಾಗುತ್ತಿದೆ. ಅವಳು ಹೋದರೆ ಈ ಊರಿನಲ್ಲಿ ನನಗೆ ಶನಿವಾರವೇ ಇಲ್ಲ — ಪೆನ್ಸಿಲ್ ಚಲಿಸಿತು, ನಾನು ಚಲಿಸಿದ್ದೋ ಅದೇ ಚಲಿಸಿದ್ದೋ, ಮಡಿಸಿ ತಳಕ್ಕೆ ತೂರಿಸಿದೆ, ಗ್ಯಾರೇಜಿನ ಬಾಗಿಲು ಮೇಲೆದ್ದಿದೆ, ಬೆಚ್ಚನೆ ಹಬೆ, ಮಡಚು ಕುರ್ಚಿಗಳು, ಬಂದ ಬಂದ ಡಬ್ಬಿ ಬಂದ, ಐಸ್ ಎಲ್ಲೋ ಎಂದ ಲೋವೆಲ್, ಮರೆತೆ ಅಂದೆ, ಏನನ್ನೂ ಮರೆಯದವನು ಐಸ್ ಮರೆತನಂತೆ, ನೋಡ್ರಪ್ಪಾ. ಆರ್ಡಿಸ್ ಟೀವಿಯ ಪಕ್ಕದಲ್ಲಿ ಕೂತು ಬೆವ್‌ಳ ಪೈಗೆ ಸೇಬು ಹೆರೆಯುತ್ತಿದ್ದಾಳೆ, ಸಿಪ್ಪೆ ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಸುತ್ತಿ ಸುತ್ತಿ ಇಳಿಯುತ್ತಿದೆ, ಕೆಂಪು, ಒಳಗೆ ಬಿಳಿ, ಕೆಂಪು, ನನ್ನ ಕಡೆ ನೋಡಲಿಲ್ಲ, ಮುಚ್ಚಳ ತೆಗೆದೆ, ಓದುತ್ತಿದ್ದೇನೆ, ನನ್ನದೇ ದನಿ ಬೇರೆ ಯಾರದೋ ಹಾಗೆ, ಲೋವೆಲ್ ಕರಡಿ, ಬೆವ್ ಕರಡಿ, ಪಾದ್ರಿಗಳು ಕರಡಿ, ಎಲ್ಲರೂ ಕರಡಿ, ಚಾಕು ಸೇಬನ್ನು ಸುತ್ತುತ್ತಿದೆ, ಆರ್ಡಿಸ್ — ಗೌಜಲಹಕ್ಕಿ. ಗ್ಯಾರೇಜು ಬಿದ್ದುಬಿದ್ದು ನಕ್ಕಿತು, ಏನೇ ತಂಗಿ, ಕೊಟ್ಟಿಗೇಲಿ ಕರಡಿ ಉಪವಾಸ ಇತ್ತಾ, ಅವಳು ತಲೆಯೆತ್ತಲಿಲ್ಲ, ಪಾಪ ಅನ್ನಿಸ್ತು ಹಾಕ್ದೆ, ನಿಂಗೇನು, ಸಿಪ್ಪೆ ಅವಳ ಮಡಿಲವರೆಗೆ ಬಂದಿದೆ, ಇನ್ನೊಂದೇ ಚೀಟಿ, ತಳದ್ದು, ಆರಿನ್ ಎಂದು ನನ್ನ ಹೆಸರು ನಾನೇ ಓದಿ, ಒಂಬತ್ತನ್ನು ಓದಿ, ಗೌಜಲಹಕ್ಕಿ ಅಂದೆ. ಯಾರೂ ನಗಲಿಲ್ಲ. ಟೀವಿಯಲ್ಲಿ ಯಾರೋ ನಾಣ್ಯ ಚಿಮ್ಮುತ್ತಿದ್ದಾರೆ. ಲೋವೆಲ್ ನಿಧಾನವಾಗಿ ಗೋಡೆಯ ಪಟ್ಟಿ ನೋಡಿದ, ನನ್ನನ್ನು ನೋಡಿದ, ಮುಖದಲ್ಲಿ ನಗುವಿಲ್ಲ, ನೀನು ಅವಳ ಚೀಟಿ ಬಿಚ್ಚಿ ನೋಡ್ದೆ, ಅಲ್ವೇನೋ ಆರಿನ್, ಹೌದು ಅಂದೆ, ಈ ವಾರನಾ, ಇಲ್ಲ, ಪ್ರತಿ ವಾರ, ಪಾದ್ರಿಗಳು ಚಮಚ ಕೆಳಗಿಟ್ಟರು, ಗೆಲ್ಲೋಕಲ್ಲ ಲೋವೆಲ್, ಅವಳ ಕೆಳಗೆ ನನ್ನ ಹೆಸರು ಇರ್ಲಿ ಅಂತ, ಅಷ್ಟೇ, ಇನ್ನು ಡಬ್ಬಿ ಬೇರೆ ಯಾರಾದ್ರೂ ಇಟ್ಕೊಳ್ಳಿ — ಬೇರೆ ಯಾರ ಮುಖವೂ ಕಾಣಿಸುತ್ತಿಲ್ಲ, ಅವಳ ಕೈ ಮಾತ್ರ, ಚಾಕು ನಿಂತಿದೆ, ಸೇಬು ಅರ್ಧ ಬಿಳಿ ಅರ್ಧ ಕೆಂಪು, ಸಿಪ್ಪೆ ತೂಗುತ್ತಿದೆ, ಅವಳು ತಲೆಯೆತ್ತಿದಳು, ಸಿಪ್ಪೆ ತೂಗುತ್ತಿದೆ, ಕಡಿದಿಲ್ಲ, ಸಿಪ್ಪೆ ಇನ್ನೂ ಕಡಿದಿಲ್ಲ