ಅರವತ್ತೆರಡರ ಮೇಲೆ ಐವತ್ತೆಂಟು

ನವೆಂಬರ್ ಹನ್ನೊಂದು. ಹಳೆಯ ಅಂಕಗಳ ರಿಜಿಸ್ಟರಿನಲ್ಲಿ ನೂರ ಮೂವತ್ತೇಳು ಹೆಸರು. ಮೇಷ್ಟ್ರು ಎರಡು ಸಲ ಎಣಿಸಿದರು. ಎರಡು ಸಲವೂ ಅಷ್ಟೇ ಬಂತು.

ನಿವೃತ್ತರಾದ ಮೇಲೆ ವಿಶ್ವವಿದ್ಯಾಲಯದ ಈ ದಾಖಲೆ ಕೋಣೆಗೆ ಅವರು ಕಾಲಿಟ್ಟಿರಲಿಲ್ಲ. ಕಬ್ಬಿಣದ ಬೀರುಗಳು, ಹಳೆಯ ರಟ್ಟಿನ ವಾಸನೆ, ಕುಂಟುವ ಮೇಜು, ಯಾವುದೂ ಬದಲಾಗಿರಲಿಲ್ಲ. ಬಂದದ್ದು ತಮ್ಮನ ಮಗಳಿಗಾಗಿ. ಗೋದಾಮೊಂದರಲ್ಲಿ ಒಂಬತ್ತು ವರ್ಷ ಮೇಲ್ವಿಚಾರಕಿಯಾಗಿ ದುಡಿದ ಆಕೆ ಹೊರದೇಶದ ಬಿಜಿನೆಸ್ ಸ್ಕೂಲಿಗೆ ಅರ್ಜಿ ಹಾಕಿದ್ದಳು. ಕಂಪನಿ ಶುಲ್ಕ ಕಟ್ಟಿ ರಜೆ ಕೊಡಲು ಒಪ್ಪಿದ್ದು ಈ ಒಂದು ವರ್ಷಕ್ಕೆ ಮಾತ್ರ.

ಆ ದೇಶದಲ್ಲಿ ತೊಂಬತ್ತು ಬಂದವನು ಜಾಣ, ಎಪ್ಪತ್ತು ಬಂದವನು ಹೇಗೋ ಪಾರಾದವನು. ಮೇಷ್ಟ್ರೇ ಕಲಿಸಿದ್ದ ಸಂಖ್ಯಾಶಾಸ್ತ್ರದಲ್ಲಿ ಅವಳ ಐವತ್ತೆಂಟನ್ನು ಕಂಡು ಆ ಸ್ಕೂಲಿನವರು ಹುಬ್ಬು ಗಂಟಿಕ್ಕಿದ್ದರು. ಆದರೂ ಬಾಗಿಲು ಮುಚ್ಚಿರಲಿಲ್ಲ. ಅಂಕ ಕೊಡುವ ಕೈ ದೇಶಕ್ಕೊಂದು ಬಗೆ ಎಂಬುದು ಅವರಿಗೂ ಗೊತ್ತಿತ್ತು. ಪರೀಕ್ಷೆಗೆ ಕೂತವರಲ್ಲಿ ಈಕೆ ಮೊದಲ ಶೇಕಡ ಹತ್ತರೊಳಗೆ ಇದ್ದಳೆಂದು ವಿಶ್ವವಿದ್ಯಾಲಯ ಮೊಹರು ಒತ್ತಿ ಹೇಳಿದರೆ ಸಾಕು ಎಂದಿದ್ದರು. ಪತ್ರ ಹದಿನೈದರೊಳಗೆ ತಲುಪಬೇಕಿತ್ತು.

"ನಿಮ್ಮ ಕಾಲದಲ್ಲಿ ಎಪ್ಪತ್ತು ಮುಟ್ಟಿದೋರೇ ಇಲ್ವಲ್ಲ ಸಾರ್," ಎಂದ ಗುಮಾಸ್ತ. "ನಿಮ್ಮ ಕೈಯಿಂದ ಅಂಕ ಉದುರಿಸೋದೂ ಕಲ್ಲಿಂದ ನೀರು ಹಿಂಡೋದೂ ಒಂದೇ ಅಂತಿದ್ರು."

"ಹಿಂಡಿದೋರು ಇದ್ದಾರೆ. ನೀನು ಎಣಿಸು."

ಶೇಕಡ ಹತ್ತೆಂದರೆ ಹದಿಮೂರು ಹೆಸರು. ಅರವತ್ತು ಮುಟ್ಟಿದವರೇ ಇಪ್ಪತ್ತೊಂದು. ತಮ್ಮನ ಮಗಳದು ಇಪ್ಪತ್ತೆರಡನೆಯ ಸ್ಥಾನ. ಅವಳ ಹೆಸರಿನ ಮುಂದೆ ನೀಲಿ ಶಾಯಿಯ ಅರವತ್ತೆರಡು ಇತ್ತು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಐವತ್ತೆಂಟು. ಎರಡೂ ಅವರದೇ ಕೈಬರಹ.

ಮೇಷ್ಟ್ರಿಗೆ ಆ ಮಧ್ಯಾಹ್ನ ನೆನಪಾಯಿತು. ಉತ್ತರಪತ್ರಿಕೆಗಳ ಮೇಲೆ ಹೆಸರು ಇರುತ್ತಿರಲಿಲ್ಲ, ಸಂಖ್ಯೆ ಮಾತ್ರ; ರಿಜಿಸ್ಟರಿಗೆ ಹೆಸರು ಸೇರುತ್ತಿದ್ದುದು ಆಮೇಲೆ. ಆದರೆ ಒಂದು ಪತ್ರಿಕೆಯಲ್ಲಿ ಏಳು ಬಂದಲ್ಲೆಲ್ಲ ಅದರ ನಡುವಿಗೊಂದು ಅಡ್ಡಗೆರೆ ಇತ್ತು. ಒಂದಕ್ಕೂ ಏಳಕ್ಕೂ ಗೊಂದಲವಾಗದಿರಲೆಂದು, ಐದು ವರ್ಷದ ಮಗುವಿನ ಕೈ ಹಿಡಿದು ಅವರೇ ಕಲಿಸಿದ ಗೆರೆ ಅದು. ಕಂಡ ಕೂಡಲೇ ಪತ್ರಿಕೆಯನ್ನು ಬೇರೊಬ್ಬರಿಗೆ ಕೊಡಬಹುದಿತ್ತು. ಕೊಡಲಿಲ್ಲ. ಸ್ವಂತದವಳೆಂದು ಕೈ ಸಡಿಲಿಸಿದ ಎಂದು ಯಾರೂ ಆಡಿಕೊಳ್ಳಬಾರದೆಂದು ನಾಲ್ಕು ಅಂಕ ಕಳೆದರು. ಅಂದು ಎದೆ ಸೆಟೆಸಿ ಮನೆಗೆ ನಡೆದಿದ್ದರು.

ಅರವತ್ತೆರಡೇ ಉಳಿದಿದ್ದರೆ ಅವಳದು ಐದನೆಯ ಸ್ಥಾನ.

"ಅರವತ್ತೆರಡು ಅಂತ ಬರಿ," ಎಂದರು.

ಗುಮಾಸ್ತ ಕನ್ನಡಕ ತೆಗೆದ. "ಗೀಟು ಎಳೆದೋರು ನೀವೇ. ಮೊಹರು ಬೀಳೋದು ಗೀಟಿನ ಪಕ್ಕ ಇರೋದಕ್ಕೆ ಸಾರ್. ತಿದ್ದಬೇಕಂದ್ರೆ ಸಮಿತಿ ಕೂರಬೇಕು. ಅದು ಕೂರೋದು ಮಾರ್ಚಿನಲ್ಲಿ."

"ಅಷ್ಟರಲ್ಲಿ ಅಟ್ಟ ಮೇಲೆ ಒಲೆ ಉರಿದ ಹಾಗೆ."

"ಒಲೆ ಆರಿಸಿದ್ದು ನಾನಲ್ಲ ಸಾರ್," ಎಂದ ಗುಮಾಸ್ತ, ಮೆಲ್ಲಗೆ.

ಮೊಹರಿನ ಪತ್ರದಲ್ಲಿ ಐವತ್ತೆಂಟು, ಇಪ್ಪತ್ತೆರಡನೆಯ ಸ್ಥಾನ ಎಂದು ಹೋಯಿತು. ಅದರ ಜೊತೆಗೆ ಮೇಷ್ಟ್ರು ತಮ್ಮ ಕೈಯಾರೆ ಇನ್ನೊಂದು ಪತ್ರ ಬರೆದರು. ಆಕೆ ನನ್ನ ತಮ್ಮನ ಮಗಳು. ಆ ಕಾರಣಕ್ಕೇ ನಾಲ್ಕು ಅಂಕ ಕಳೆದೆ. ತಪ್ಪು ನನ್ನದು, ಅವಳದಲ್ಲ. ಹನ್ನೊಂದು ಸಾಲು. ಅದಕ್ಕೆ ಮೊಹರು ಇರಲಿಲ್ಲ.

ಎಂಟು ದಿನಕ್ಕೆ ಉತ್ತರ ಬಂತು. ತಮ್ಮನ ಮಗಳು ಅದನ್ನು ಮಡಿಸಿ ಹಿಡಿದುಕೊಂಡು ಗೋದಾಮಿನ ನೀಲಿ ಕೋಟಿನಲ್ಲೇ ಅವರ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಂಬಂಧಿಕರ ಪತ್ರ ಲೆಕ್ಕಕ್ಕೆ ತಗೊಳಲ್ಲವಂತೆ, ದೊಡ್ಡಪ್ಪ. ನಿಮ್ಮ ಮೊದಲನೇ ಸಾಲಿಗೇ ನಿಲ್ಲಿಸಿಬಿಟ್ಟಿದ್ದಾರೆ."

ಅವರು ಪತ್ರ ಓದಿ ಮುಗಿಸಿ, ಇದ್ದ ಮಡಿಕೆಯಲ್ಲೇ ಮಡಿಸಿದರು.

"ಒಂದು ಕೇಳ್ಲಾ? ನಾಲ್ಕೇ ಯಾಕೆ? ಎರಡು ಕಳೆದಿದ್ರೆ ಸಾಲ್ತಿರಲಿಲ್ವಾ?"

ಸುಳ್ಳು ಹೇಳುವ ಅಭ್ಯಾಸ ಮೇಷ್ಟ್ರಿಗೆ ಇರಲಿಲ್ಲ. ಈಗ ಕಲಿಯುವ ವಯಸ್ಸೂ ಅಲ್ಲ. "ಎರಡು ಕಳೆದಿದ್ರೆ ಅರವತ್ತು ಉಳೀತಿತ್ತು, ಮೊದಲ ದರ್ಜೆ. ಜನ ಆಡಿಕೊಳ್ತಿದ್ರು."

"ಮೂರು?"

"ಐವತ್ತೊಂಬತ್ತಕ್ಕೆ ಒಂದು ಕೃಪಾಂಕ ಸೇರಿಸೋ ನಿಯಮ ಇತ್ತು. ಮತ್ತೆ ಅರವತ್ತೇ."

ಅವಳು ಕಿಟಕಿಯ ಕಡೆ ನೋಡಿದಳು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಂತಿತು.

"ಲೆಕ್ಕ ಸರಿಯಾಗೇ ಇದೆ," ಎಂದಳು. "ನಾನು ಪೆದ್ದಿ. ಅವತ್ತು ಅಂಕಪಟ್ಟಿ ತಂದಾಗ ನಿಮ್ಮ ಮುಖ ನೋಡೋಕೆ ನಾಚಿಕೆಯಾಗಿತ್ತು ನಂಗೆ. ನಿಮ್ಮ ಪಾಠಕ್ಕೆ ಅನ್ಯಾಯ ಮಾಡಿಬಿಟ್ಟೆ ಅಂತ."

ಚಪ್ಪಲಿ ಮೆಟ್ಟಿ ಹೋದಳು. ಮೇಷ್ಟ್ರು ಬಾಗಿಲವರೆಗೂ ಬಂದರು.

ಸಮಿತಿಗೆ ಅರ್ಜಿಯನ್ನು ಅವರು ಮಾರನೆಯ ದಿನವೇ ಕೊಟ್ಟರು. ಮಾರ್ಚಿನಲ್ಲಿ ಐದು ಮಂದಿ ಕೂತು, ಅವರನ್ನು ನಿಲ್ಲಿಸಿ ಪ್ರಶ್ನಿಸಿ, ಛೀಮಾರಿ ಹಾಕಿ, ಅರವತ್ತೆರಡನ್ನು ಮರಳಿ ಬರೆದರು. ಹೊಸ ಅಂಕಪಟ್ಟಿಯನ್ನು ಮೇಷ್ಟ್ರು ಗೋದಾಮಿನ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ನಾಲ್ಕು ದಿನ ಬಿಟ್ಟು ಸ್ವೀಕೃತಿ ಚೀಟಿ ಮರಳಿತು. ಜೊತೆಗೆ ಪತ್ರವಿಲ್ಲ, ಮಾತಿಲ್ಲ; ಅವಳ ಸಹಿ, ಅದರ ಕೆಳಗೆ ಅಂಕಿಯಲ್ಲಿ ತಾರೀಕು ಇಪ್ಪತ್ತೇಳು.

ಮೇಷ್ಟ್ರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕಳೆದ ನಾಲ್ಕು ಅಂಕ ಸಂದಾಯವಾಗಿತ್ತು. ಏಳಕ್ಕೆ ಅಡ್ಡಗೆರೆ ಇರಲಿಲ್ಲ.